ಶನಿವಾರದ ಓಪನರ್, ಸೋಮವಾರದ ಮೀನು

ಶುಕ್ರವಾರ

ಮೇ ತಿಂಗಳ ಈ ಶುಕ್ರವಾರ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗುವ ಐ-35 ಹೆದ್ದಾರಿ ನೋಡಬೇಕು. ಗೌರಿ ಹಬ್ಬದ ಹಿಂದಿನ ರಾತ್ರಿ ತುಮಕೂರು ರಸ್ತೆ ಇರುತ್ತಲ್ಲ, ಹಾಗೇ. ಆದರೆ ಇಲ್ಲಿ ಗಾಡಿಗಳ ಬೆನ್ನ ಹಿಂದೆ ದೋಣಿ.

ನಾಳೆ 'ಓಪನರ್'. ಫೆಬ್ರವರಿ ಕೊನೆಗೆ ಮಿನೆಸೋಟಾದ ಕೆರೆಗಳಲ್ಲಿ ವಾಲ್‌ಐ ಮೀನು ಹಿಡಿಯುವುದು ಬಂದ್ ಆಗುತ್ತದೆ. ಮೊಟ್ಟೆ ಇಡುವ ಕಾಲ ಅಂತ. ಮತ್ತೆ ಶುರುವಾಗುವುದು ಮೇ ಮಧ್ಯದ ಒಂದು ಶನಿವಾರ, ಮೇ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ರಜೆಯ ವಾರಾಂತ್ಯಕ್ಕೆ ಎರಡು ವಾರ ಮುಂಚೆ. ರಾತ್ರಿ ಹನ್ನೆರಡು ಹೊಡೆದರೆ ಬಾಗಿಲು ತೆರೆದ ಹಾಗೆ. ರಾಜ್ಯದ ಗವರ್ನರ್ ಕೂಡ ಅವತ್ತು ಗಾಳ ಹಿಡಿದು ದೋಣಿ ಹತ್ತುತ್ತಾರೆ. 1948ರಿಂದ ನಡೆದು ಬಂದ ಪದ್ಧತಿ.

ನಮ್ಮನ್ನು ಹೊರಡಿಸಿದ್ದು ಪಕ್ಕದ ಮನೆ ಅಜ್ಜ. ಅವರಿಗೆ ಎಪ್ಪತ್ತೆರಡು. ಹುಟ್ಟಿದ್ದು ಉತ್ತರದ ಗಣಿ ಊರಲ್ಲಿ, ಅವರ ಅಜ್ಜ ಫಿನ್‌ಲ್ಯಾಂಡ್‌ನಿಂದ ಬಂದವರು. ಒಂದು ದಿನ ಬೇಲಿ ಮೇಲೆ ಕೈಯಿಟ್ಟು ಮಾತಾಡುವಾಗ ನಾನು ಸುಮ್ನೆ, "ಚಿಕ್ಕವಳಿದ್ದಾಗ ನಾನೂ ಮೀನು ಹಿಡೀತಿದ್ದೆ" ಅಂದೆ. ಅವರು ಅದನ್ನು ಮರೆಯಲೇ ಇಲ್ಲ. ಈ ಸಲ ಓಪನರ್ ಮತ್ತು ಅಮ್ಮಂದಿರ ದಿನ ಒಂದೇ ವಾರಾಂತ್ಯ. ಆ ಎರಡು ದಿನ ಇಲ್ಲಿನ ಅಮ್ಮಂದಿರು ಲೈಸೆನ್ಸ್ ಇಲ್ಲದೆ ಮೀನು ಹಿಡಿಯಬಹುದು. "ಪುಕ್ಕಟೆ ಅವಕಾಶ, ಬಿಡಬೇಡ" ಅಂದರು. ನಾನು ಸಾಗರದ ಕಡೆಯವಳು. ಪುಕ್ಕಟೆ ಅಂದರೆ ಬಿಡ್ತೀನಾ?

ದಾರಿಯಲ್ಲಿ ಹಿಂಕ್ಲಿ ಅನ್ನುವ ಊರಲ್ಲಿ ಇಳಿದು ಟೋಬೀಸ್ ಹೋಟೆಲಿನ ಕ್ಯಾರಮೆಲ್ ರೋಲ್ ತಿಂದೆವು. ಅಂಗೈಗಿಂತ ದೊಡ್ಡದು. ಹದಿಮೂರು ವರ್ಷದ ಮಗ ಎರಡು ತಿಂದ. ಕ್ಲೋಕೇ ದಾಟಿ 53ನೇ ಹೆದ್ದಾರಿ ಹಿಡಿದ ಮೇಲೆ ಊರುಗಳು ಚಿಕ್ಕದಾದವು, ಕಾಡು ಒತ್ತಾಯಿತು. ವರ್ಜೀನಿಯಾ ಅನ್ನುವ ಊರಿನ ಹತ್ತಿರ ನೆಲ ಇದ್ದಕ್ಕಿದ್ದ ಹಾಗೆ ಕೆಂಪು. ಮೆಸಾಬಿ ಕಬ್ಬಿಣದ ಅದಿರಿನ ಸೀಮೆ ಇದು. ಸಂಡೂರಿನ ರಸ್ತೆ ಬದಿಯ ಧೂಳಿನ ಬಣ್ಣವೇ. ಹಳೆಯ ಗಣಿಗುಂಡಿಯ ಮೇಲೆ 2017ರಲ್ಲಿ ಕಟ್ಟಿದ ಎತ್ತರದ ಸೇತುವೆ ಇದೆ. ಕೆಳಗೆ ನೋಡಿದರೆ ನೀಲಿ ನೀರು. ನಮ್ಮನೆಯವರು ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಂಡಿದ್ದರು, ನೋಡಲಿಲ್ಲ.

ಅಲ್ಲಿಂದ ಸ್ವಲ್ಪ ಮುಂದೆ ಲಾರೆನ್ಷಿಯನ್ ಡಿವೈಡ್ ಅಂತ ಒಂದು ಫಲಕ. ಅದರ ಆಚೆ ಬಿದ್ದ ಮಳೆ ಉತ್ತರಕ್ಕೆ ಹರಿದು ಹಡ್ಸನ್ ಕೊಲ್ಲಿ ಸೇರುತ್ತದೆ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ತುಂಗೆಯ ನೀರು ಪೂರ್ವಕ್ಕೆ, ಶರಾವತಿಯದು ಪಶ್ಚಿಮಕ್ಕೆ. ಮಲೆನಾಡಿನಲ್ಲಿ ಬೆಳೆದವರಿಗೆ ಒಂದು ದಿಬ್ಬ ಎರಡು ಸಮುದ್ರಕ್ಕೆ ನೀರು ಹಂಚುವುದು ಹೊಸದೇನಲ್ಲ. ಮಗನಿಗೆ ಹೇಳಿದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಮಧ್ಯಾಹ್ನ ಟವರ್ ಮುಟ್ಟಿದೆವು. ವರ್ಮಿಲಿಯನ್ ಕೆರೆಯ ದಡದ ಪುಟ್ಟ ಊರು. ಕೆರೆ ಅಂತ ಕರೆಯುತ್ತೇವೆ, ಆದರೆ ಇದು 40,000 ಎಕರೆ, 365 ದ್ವೀಪ. ನಮ್ಮ ಲಿಂಗನಮಕ್ಕಿ ಹಿನ್ನೀರಿನ ಸುಮಾರು ಅರ್ಧ. ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನ ತಮ್ಮ ಭಾಷೆಯಲ್ಲಿ ಇಟ್ಟ ಹೆಸರನ್ನೇ ಫ್ರೆಂಚ್ ತುಪ್ಪಳದ ವ್ಯಾಪಾರಿಗಳು ವರ್ಮಿಲಿಯನ್ ಮಾಡಿದರು. ನಾವು ಹೇಳುವುದಾದರೆ ಸಿಂಧೂರದ ಕೆರೆ. ಸಂಜೆ ನೀರಿಗೆ ಬೀಳುವ ಬಣ್ಣದಿಂದ ಬಂದ ಹೆಸರಂತೆ.

ಗಾಳಕ್ಕೆ ಸಿಕ್ಕಿಸುವ ಹುಳು-ಮೀನು ಮಾರುವ ಅಂಗಡಿಗೆ ಕಾಲಿಟ್ಟ ಕೂಡಲೇ ಅಜ್ಜ ಕೇಳಿದ್ದು ಒಂದೇ. "ಐಸ್ ಯಾವತ್ತು ಹೋಯ್ತು?"

"ಸೋಮವಾರ."

ಅಂದರೆ ನಾಲ್ಕು ದಿನ ಹಿಂದಷ್ಟೇ. ಅಜ್ಜನ ಮುಖ ಸಣ್ಣಗಾಯಿತು. ಸಾಮಾನ್ಯವಾಗಿ ಇಲ್ಲಿ ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಐಸ್ ಬಿಡುತ್ತದೆ. ತಡವಾದ ವರ್ಷಗಳೂ ಇವೆ. 2013ರಲ್ಲಿ ಓಪನರ್ ಮೇ 11ಕ್ಕೆ ಬಂದಿತ್ತು. ಅವತ್ತು ಉತ್ತರದ ಎಷ್ಟೋ ಕೆರೆಗಳ ಮೇಲೆ ಐಸ್ ಹಾಗೇ ಕೂತಿತ್ತು. ದೋಣಿ ಎಳೆದುಕೊಂಡು ಬಂದವರು ದಡದಲ್ಲಿ ಕಾಫಿ ಕುಡಿದು ವಾಪಸ್ ಹೋದರಂತೆ.

ಅಂಗಡಿಯಲ್ಲಿ ಡಬ್ಬಿಗಟ್ಟಲೆ ಜಿಗಣೆ ಮಾರಾಟಕ್ಕೆ ಇತ್ತು. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದು ಕಾಲಿನ ಇಂಬಳ ಕಿತ್ತು ಸುಣ್ಣ ಹಚ್ಚಿಕೊಂಡು ಬೆಳೆದವಳು ನಾನು. ದುಡ್ಡು ಕೊಟ್ಟು ಜಿಗಣೆ ಕೊಳ್ಳುವ ಜನರನ್ನು ನೋಡಿ ನಗು ತಡೆಯಲಾಗಲಿಲ್ಲ. ಇದು ಬೇರೆ ಜಾತಿ, ಮನುಷ್ಯರ ರಕ್ತ ಹೀರುವುದಿಲ್ಲ. ಆದರೆ ಅಜ್ಜ ಅದನ್ನು ಮುಟ್ಟಲಿಲ್ಲ. ನೀರು ಇಷ್ಟು ತಣ್ಣಗಿದ್ದರೆ ಜಿಗಣೆ ಈಜುವುದಿಲ್ಲ, ಗಾಳದ ಮೇಲೆ ಉಂಡೆ ಕಟ್ಟಿಕೊಂಡು ಕೂರುತ್ತದೆ ಅಂದರು. ಶೈನರ್ ಅನ್ನುವ ಬೆಳ್ಳಿ ಮರಿಮೀನು ಎರಡು ಡಜನ್ ಕಟ್ಟಿಸಿಕೊಂಡರು.

ರಾತ್ರಿ ಹನ್ನೆರಡಕ್ಕೆ ಎಚ್ಚರವಾಯಿತು. ಕ್ಯಾಬಿನ್ ಕಿಟಕಿಯಿಂದ ನೋಡಿದರೆ ನೀರಿನ ಮೇಲೆ ಅಲ್ಲಲ್ಲಿ ದೀಪ. ಕಾಯಲಾರದವರು ಆಗಲೇ ಇಳಿದಿದ್ದರು. ದೂರದಲ್ಲಿ ಲೂನ್ ಹಕ್ಕಿ ಕೂಗುತ್ತಿತ್ತು. ಮೊದಲ ಸಲ ಕೇಳಿದವರು ಯಾರೋ ಅಳುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗಿರುತ್ತದೆ.

ಶನಿವಾರ

ಬೆಳಗ್ಗೆ ಐದು. ಹೊರಗೆ ಮೂರು ಡಿಗ್ರಿ, ಈಶಾನ್ಯದ ಗಾಳಿ, ಜೊತೆಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಉದುರು. ನಮ್ಮನೆಯವರು ರಗ್ಗಿನಿಂದ ಮುಖ ಹೊರಗೆ ಹಾಕಿ, "ನೀವು ಹೋಗ್ಬನ್ನಿ" ಅಂದರು. ಅವರಿಗೆ ಮೀನು ತಟ್ಟೆಯಲ್ಲಿ ಮಾತ್ರ ಇಷ್ಟ.

ದೋಣಿ ಇಳಿಸುವ ಜಾಗದಲ್ಲಿ ಸಾಲು. ನಮ್ಮ ಸರದಿ ಬಂತು, ಅಜ್ಜ ಟ್ರೇಲರ್ ಹಿಂದೆ ತಳ್ಳಿದರು, ದೋಣಿ ತೇಲಿತು, ನಾವು ಹತ್ತಿದೆವು. ಎರಡು ನಿಮಿಷಕ್ಕೆ ಮಗ ಅಂದ, "ಅಮ್ಮ, ನನ್ನ ಶೂ ಒದ್ದೆ ಆಗ್ತಿದೆ."

ಬಿರಡೆ! ದೋಣಿಯ ಹಿಂಭಾಗದಲ್ಲಿ, ತಳದ ಹತ್ತಿರ ನೀರು ಬಸಿಯಲು ಒಂದು ತೂತು ಇರುತ್ತದೆ, ಅದಕ್ಕೊಂದು ಬಿರಡೆ. ಕೆರೆ ಬಿಟ್ಟು ಹೊರಡುವಾಗ ಅದನ್ನು ಕಿತ್ತು ನೀರು ಪೂರ್ತಿ ಬಸಿಯಲೇಬೇಕು, ರಸ್ತೆಯಲ್ಲಿ ಹೋಗುವಾಗಲೂ ಕಿತ್ತೇ ಇರಬೇಕು ಅಂತ ಇಲ್ಲಿ ಕಾನೂನು. ಒಂದು ಕೆರೆಯ ಉಪದ್ರವ ಇನ್ನೊಂದಕ್ಕೆ ಹೋಗಬಾರದಲ್ಲ. ಜೀಬ್ರಾ ಮಸೆಲ್ ಅನ್ನುವ ಪುಟ್ಟ ಚಿಪ್ಪುಜೀವಿ, ಮುಳ್ಳುಬಾಲದ ನೀರುಚಿಗಟ ಇವೆಲ್ಲ ಹೀಗೇ ದೋಣಿಯ ನೀರಿನಲ್ಲಿ ಊರೂರು ಸುತ್ತುತ್ತವೆ. ವರ್ಮಿಲಿಯನ್‌ಗೆ ಆ ಚಿಗಟ 2015ರಲ್ಲಿ ಬಂದದ್ದು ಗೊತ್ತಾಯಿತು. ಬೇಸಿಗೆಯಲ್ಲಿ ಗಾಳದ ದಾರಕ್ಕೆ ಒದ್ದೆ ಹತ್ತಿಯ ಹಾಗೆ ಮೆತ್ತಿಕೊಳ್ಳುತ್ತದಂತೆ. ಸರಿ, ಕಾನೂನಿನಂತೆ ಬಿರಡೆ ಕಿತ್ತಿದ್ದೆವು. ವಾಪಸ್ ಹಾಕುವುದನ್ನು ಮೂವರೂ ಮರೆತಿದ್ದೆವು. ಮಗ ಬಗ್ಗಿ ಅದನ್ನು ಹಾಕಿ ತಿರುಗಿಸುವಷ್ಟರಲ್ಲಿ ಕಣಕಾಲು ಮುಳುಗಿತ್ತು. ಸಾಲಿನಲ್ಲಿ ನಿಂತವರು ಕೈ ತಟ್ಟಿದರು. ಅಜ್ಜ ಟೋಪಿ ತೆಗೆದು ವಂದಿಸಿದರು.

ಕೆರೆ ನೋಡಲು ಚೆನ್ನಾಗಿತ್ತು, ಹಿಡಿಯಲು ಕೆಟ್ಟದಾಗಿತ್ತು. ನೆರಳಿನ ಕಡೆಯ ದಡಗಳಲ್ಲಿ ಒಡೆದ ಐಸಿನ ಚೂರುಗಳು ಗಾಜಿನ ಹಾಗೆ ಕಿಣಿಕಿಣಿ ಅನ್ನುತ್ತಿದ್ದವು. ದೋಣಿಯಲ್ಲಿದ್ದ ಅಜ್ಜನ ಯಂತ್ರದ ಪುಟ್ಟ ಪರದೆಯಲ್ಲಿ ನೀರಿನ ಉಷ್ಣತೆ 42 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಐದೂವರೆ ಸೆಲ್ಸಿಯಸ್. ವಾಲ್‌ಐ ಮೊಟ್ಟೆ ಇಡುವುದು ನೀರು ಸುಮಾರು 42ರಿಂದ 50 ಇರುವಾಗ. ಅಂದರೆ ಸರ್ಕಾರದ ಕ್ಯಾಲೆಂಡರ್ ಪ್ರಕಾರ ಮದುವೆ ಮುಗಿದಿದೆ, ನೀರಿನ ಪ್ರಕಾರ ಈಗ ದಿಬ್ಬಣ ಬರ್ತಿದೆ.

ಆರರಿಂದ ಹನ್ನೆರಡು ಅಡಿ ಆಳದಲ್ಲಿ, ಜಿಗ್ ಅನ್ನುವ ಸೀಸದ ತಲೆಯ ಗಾಳಕ್ಕೆ ಮರಿಮೀನು ಸಿಕ್ಕಿಸಿ, ತಳಕ್ಕೆ ಬಿಟ್ಟು, ನಿಧಾನಕ್ಕೆ ಎತ್ತಿ ಇಳಿಸುವುದು. "ಇನ್ನೂ ನಿಧಾನ" ಅನ್ನುತ್ತಿದ್ದರು ಅಜ್ಜ. ತಣ್ಣೀರಿನಲ್ಲಿ ಮೀನಿಗೆ ಓಡಿ ಹಿಡಿಯುವ ಉಮೇದು ಇರುವುದಿಲ್ಲ. ನನ್ನ ಬೆರಳು ಮರಗಟ್ಟಿ, ಮೀನು ಕಚ್ಚಿದರೂ ಗೊತ್ತಾಗುವ ಹಾಗಿರಲಿಲ್ಲ. ಐದು ಗಂಟೆ ಕೂತೆವು. ವಾಲ್‌ಐ ಒಂದೂ ಇಲ್ಲ. ಮಗನಿಗೆ ಪೈಕ್ ಅನ್ನುವ ಬೇರೆ ಜಾತಿಯ ಮೀನೊಂದು ಕಚ್ಚಿ, ದೋಣಿಯ ಪಕ್ಕದವರೆಗೆ ಬಂದು, ಹಲ್ಲಿನಲ್ಲಿ ದಾರ ಕತ್ತರಿಸಿಕೊಂಡು ಹೋಯಿತು. ಸುತ್ತಲಿನ ದೋಣಿಗಳಲ್ಲೂ ಯಾರೂ ಬಲೆಚೀಲ ಎತ್ತಿದ್ದು ಕಾಣಲಿಲ್ಲ.

ಆದರೆ ಮೀನು ಎಲ್ಲಿದೆ ಅಂತ ಅಜ್ಜನಿಗೆ ಗೊತ್ತಿತ್ತು. ಸಂಜೆ ಕತ್ತಲಾಗುವ ಹೊತ್ತಿಗೆ ಪೈಕ್ ನದಿಯ ದಡಕ್ಕೆ ಕರೆದುಕೊಂಡು ಹೋದರು. ಹೆಸರು ಪೈಕ್, ಏರುವುದು ವಾಲ್‌ಐ. ನದಿ ಕೆರೆಗೆ ಸೇರುವುದಕ್ಕೆ ಸ್ವಲ್ಪ ಮೇಲೆ ಒಂದು ಸಣ್ಣ ಅಣೆಕಟ್ಟು ಇದೆ. ಅಲ್ಲೇ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ವಸಂತದಲ್ಲಿ ಏರಿ ಬರುವ ಮೀನು ಹಿಡಿದು, ಹೊಟ್ಟೆ ಒತ್ತಿ ಮೊಟ್ಟೆ ತೆಗೆದು, ಗಂಡಿನ ಹಾಲು ಬೆರೆಸಿ ಮರಿ ಮಾಡುತ್ತಾರೆ. ಒಂದಷ್ಟು ಮರಿ ಇದೇ ಕೆರೆಗೆ, ಉಳಿದದ್ದು ಬೇರೆ ಕೆರೆಗಳಿಗೆ. ಹಿಡಿದ ದೊಡ್ಡ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ.

ಅಜ್ಜ ಒಂದೇ ಒಂದು ಸಲ ಟಾರ್ಚ್ ಹಾಕಿ ಆರಿಸಿದರು. ನೀರಿನೊಳಗೆ ಡಜನ್‌ಗಟ್ಟಲೆ ಕಣ್ಣು ಬೆಳ್ಳಗೆ ಹೊಳೆದವು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವ ಹಾಗೆ, ಕಾರಣವೂ ಅದೇ. ಕಣ್ಣಿನ ಹಿಂದೆ ಬೆಳಕು ತಿರುಗಿಸುವ ಒಂದು ಪದರ. ಅದಕ್ಕೇ ಈ ಮೀನು ಮಬ್ಬಿನಲ್ಲಿ, ಮೋಡದಲ್ಲಿ, ಅಲೆಯೆದ್ದ ನೀರಿನಲ್ಲಿ ಬೇಟೆಯಾಡುತ್ತದೆ. ಬಿಸಿಲೇರಿದರೆ ಆಳಕ್ಕೆ ಹೋಗುತ್ತದೆ.

ನಾನು ಅಲ್ಲಿ ಜಾಸ್ತಿ ಹೊತ್ತು ನಿಂತೆ. ನಮ್ಮೂರಲ್ಲಿ ಇದಕ್ಕೆ ಹತ್ತುಮೀನು ಅಂತಾರೆ. ಮೃಗಶಿರ ಮಳೆ ಹಿಡಿದು ಹಳ್ಳ ಕೆಂಪಾಗಿ ಹರಿಯುವಾಗ ಮೀನು ಮೇಲಕ್ಕೆ ಏರಿ ಬರುತ್ತವೆ, ಗದ್ದೆಯ ಕಂಟದವರೆಗೂ. ಅಪ್ಪ ಬಿದಿರಿನ ಕೂಣಿ ಇಟ್ಟು ಬರುತ್ತಿದ್ದರು. ಬೆಳಗಿನ ಜಾವ ಕಂಬಳಿಕೊಪ್ಪೆ ಹಾಕಿಕೊಂಡು ನಾನೂ ಹಿಂದೆ. ಕೂಣಿ ಎತ್ತಿದರೆ ಭಾರ. ಪ್ರತಿ ಮೀನಿನ ಹೊಟ್ಟೆಯಲ್ಲೂ ಮೊಟ್ಟೆ. ಅಮ್ಮ ಮೊಟ್ಟೆಯನ್ನೇ ಬೇರೆ ತೆಗೆದು ಹುರಿಯುತ್ತಿದ್ದರು. ಅದರಷ್ಟು ರುಚಿ ಇನ್ಯಾವುದಕ್ಕೂ ಇರಲಿಲ್ಲ. ಈಚೆಗೆ ಊರಿಗೆ ಫೋನ್ ಮಾಡಿದಾಗ ಅಪ್ಪ, "ಹತ್ತುಮೀನು ಈಗೆಲ್ಲಿ ಬರ್ತಾವೆ ಮಾರಾಯ್ತಿ" ಅಂದಿದ್ದರು.

ಅಜ್ಜನಿಗೆ ಕೂಣಿಯ ಬಗ್ಗೆ ಹೇಳಿದೆ. ಮೊಟ್ಟೆ ಹುರಿಯುವ ವಿಷಯ ಹೇಳಲಿಲ್ಲ.

ಭಾನುವಾರ

ಗಾಳಿ. ಕೆರೆಯ ಮೇಲೆ ಬಿಳಿ ನೊರೆ. ಸ್ವಲ್ಪ ಅಲೆ ಇದ್ದರೆ ವಾಲ್‌ಐಗೆ ಒಳ್ಳೆಯದು, ಆದರೆ ಇದು ಸ್ವಲ್ಪ ಅಲ್ಲ. ಹದಿನಾರು ಅಡಿಯ ದೋಣಿ, ಐದಾರು ಡಿಗ್ರಿ ನೀರು. ಬಿದ್ದರೆ ಕೈಕಾಲು ಆಡುವುದು ಕೆಲವೇ ನಿಮಿಷ. ಅಜ್ಜ ಕಿಟಕಿಯಿಂದ ಒಂದು ಸಲ ನೋಡಿ ಕಾಫಿ ಬಗ್ಗಿಸಿಕೊಂಡರು. ಈ ವಿಷಯದಲ್ಲಿ ಅವರ ಮೇಲೆ ನನಗೆ ಪೂರ್ತಿ ನಂಬಿಕೆ. ಹಟಕ್ಕೆ ಬಿದ್ದು ಇಳಿಯುವವರಲ್ಲ.

ನಮ್ಮನೆಯವರ ದಿನ ಬಂತು. ಅವರು ಕೆಜಿಎಫ್‌ನವರು. ಮಾವ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಟವರ್‌ನ ಪಕ್ಕದಲ್ಲೇ ಸೌಡಾನ್ ಗಣಿ ಇದೆ, ಮಿನೆಸೋಟಾದ ಅತಿ ಹಳೆಯ ಕಬ್ಬಿಣದ ಗಣಿ. 2,341 ಅಡಿ ಆಳ, 1962ರಲ್ಲಿ ಮುಚ್ಚಿತು. ಒಳಗೆ ಇಳಿಯಲು ಇದು ಕಾಲವಲ್ಲ. ಹೊರಗಿನ ಕಬ್ಬಿಣದ ಗೋಪುರ ನೋಡಿದ ಕೂಡಲೇ ಇವರು ಕಾರು ನಿಲ್ಲಿಸಿ ಇಳಿದರು. "ನಮ್ಮೂರಿನ ಶಾಫ್ಟ್ ಥರಾನೇ ಇದೆ ಕಣೇ."

ಆಮೇಲೆ ಅರ್ಧ ಗಂಟೆ ಅವರದೇ ಮಾತು. ಪರಮಾಣುವಿನೊಳಗಿನ ಪ್ರೋಟಾನ್ ಕಣ ತಾನಾಗಿ ಒಡೆಯುತ್ತದೋ ಇಲ್ಲವೋ ಅಂತ ನೋಡಲು 1980ರ ದಶಕದಲ್ಲಿ ನೆಲದ ಆಳದಲ್ಲಿ ಪ್ರಯೋಗ ನಡೆಸಿದ ಗಣಿಗಳಲ್ಲಿ ಕೆಜಿಎಫ್ ಒಂದು, ಸೌಡಾನ್ ಇನ್ನೊಂದು. ಎರಡೂ ಕಡೆ ಅದು ಒಡೆದದ್ದು ಖಚಿತವಾಗಿ ಕಾಣಲಿಲ್ಲ. ಕೆಜಿಎಫ್‌ನಲ್ಲಿ ಅದಕ್ಕೂ ಮುಂಚೆ, 1965ರಲ್ಲೇ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತ್ತು. ಸೌಡಾನ್‌ಗೆ ಆಮೇಲೆ ಚಿಕಾಗೊ ಹತ್ತಿರದ ಫರ್ಮಿಲ್ಯಾಬ್ ಅನ್ನುವ ಪ್ರಯೋಗಾಲಯದಿಂದ 735 ಕಿಲೋಮೀಟರ್ ನೆಲದೊಳಗೇ ನ್ಯೂಟ್ರಿನೊ ಕಳಿಸಿದರು. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಇಲ್ಲಿ ಮುಚ್ಚಿದ ಗಣಿಯನ್ನು ಪಾರ್ಕ್ ಮಾಡಿ ಜನರನ್ನು ಕೆಳಗಿಳಿಸಿ ತೋರಿಸುತ್ತಾರೆ. ಇವರು ಆ ಮಾತಿಗೆ ಬಂದು ಸುಮ್ಮನಾದರು. ಮೀನಿನ ಪ್ರವಾಸದಲ್ಲಿ ಇದೆಲ್ಲ ಯಾಕೆ ಅಂತ ಕೇಳಬಹುದು. ನಾಲ್ಕು ದಿನದಲ್ಲಿ ಇವರು ತಾವಾಗಿ ಮಾತಾಡಿದ್ದು ಇಲ್ಲಿ ಮಾತ್ರ, ಅದಕ್ಕೇ ಬರೆದೆ.

ಮಧ್ಯಾಹ್ನ ಗಾಳಿ ದಕ್ಷಿಣಕ್ಕೆ ತಿರುಗಿತು, ಬಿಸಿಲು ಬಂತು. ಓಪನರ್‌ಗೆ ಬಂದವರು ದೋಣಿ ಕಟ್ಟಿಕೊಂಡು ಹೊರಟಿದ್ದರು. ಸಂಜೆ ಗಾಳಿ ತಗ್ಗಿದ ಮೇಲೆ ಅಜ್ಜ ಪೈಕ್ ಕೊಲ್ಲಿಗೆ ಕರೆದುಕೊಂಡು ಹೋಗಿ ನೀರಿನ ಉಷ್ಣತೆ ತೋರಿಸಿದರು. 46 ಫ್ಯಾರನ್‌ಹೀಟ್. ಐಸ್ ಹೋದ ಹೊಸದರಲ್ಲಿ ದೊಡ್ಡ ನೀರು ಗಾಳಿಗೆ ಮೇಲೆ ಕೆಳಗೆ ಕಲಸಿಹೋಗುತ್ತಿರುತ್ತದೆ, ಎಲ್ಲ ಕಡೆ ಒಂದೇ ಚಳಿ. ಮೊದಲು ಬಿಸಿಯಾಗುವುದು ಕಪ್ಪು ತಳದ, ಆಳವಿಲ್ಲದ, ಬಿಸಿಲು ಬೀಳುವ ಕೊಲ್ಲಿಗಳು. "ನಾಳೆ" ಅಂದರು ಅಜ್ಜ, ಅಷ್ಟೇ.

"ನಾಳೆ ಸ್ಕೂಲ್ ಇದೆ" ಅಂದರು ಇವರು. ಮಗ ನನ್ನ ಮುಖ ನೋಡಿದ. ನಾನು ಅಜ್ಜನ ಮುಖ ನೋಡಿದೆ. ಅಮ್ಮಂದಿರ ದಿನ ಅಲ್ವಾ, ನನ್ನ ಮಾತು ನಡೆಯಿತು.

ರಾತ್ರಿ ಕ್ಯಾಬಿನ್‌ನ ಸೌನಾ. ಕಾದ ಕಲ್ಲಿಗೆ ನೀರು ಹಾಕಿ ಆ ಹಬೆಯಲ್ಲಿ ಕೂರುವುದು. ನಮ್ಮ ಬಚ್ಚಲ ಒಲೆಯ ಹಂಡೆಸ್ನಾನ ಬಿಟ್ಟರೆ ಬೆನ್ನುಮೂಳೆಗೆ ಇಷ್ಟು ಹಿತವಾದದ್ದು ನಾನು ಕಂಡಿಲ್ಲ.

ಸೋಮವಾರ

ಪುಕ್ಕಟೆ ದಿನ ಮುಗಿದಿತ್ತು. ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ಡೋನಟ್ ಜೊತೆಗೆ ಲೈಸೆನ್ಸ್ ಕೊಂಡೆ. ಹದಿನಾರು ತುಂಬದ ಮಗನಿಗೆ ಬೇಕಿಲ್ಲ. ಬಿರಡೆ ಹಾಕಿದ್ದೀವಾ ಅಂತ ಮೂವರೂ ಒಬ್ಬರಾದ ಮೇಲೆ ಒಬ್ಬರು ಹೋಗಿ ನೋಡಿದೆವು.

ಮೋಡ. ತೆಳು ಅಲೆ. ಶನಿವಾರ ಸಂತೆಯಂತಿದ್ದ ಕೊಲ್ಲಿಯಲ್ಲಿ ಈಗ ನಮ್ಮದೂ ಸೇರಿ ಮೂರು ದೋಣಿ. ನೀರು 49. ಮೀನು ಮೊಟ್ಟೆ ಇಡುವ ಕಡೆ ಫಲಕ ಹಾಕಿ ಮುಚ್ಚಿದ ಜಾಗದಿಂದ ದೂರ, ನದಿಯ ನೀರು ಕೆರೆಯೊಳಗೆ ಹರಡುವ ಕಡೆ ನಿಂತೆವು. ಎಂಟು ಅಡಿ ಆಳ.

ಮೂರನೇ ಸಲ ಗಾಳ ಬಿಟ್ಟಾಗ ಕೋಲಿನ ತುದಿಯಲ್ಲಿ ಟಕ್ ಅಂತು. ಒಂದೇ ಒಂದು ಸಲ. ಹೊಳೆಯಲ್ಲಿ ಬೆಂಡು ಮುಳುಗುವುದನ್ನು ನೋಡಿ ಎಳೆದ ಕೈ ನನ್ನದು. ಇಲ್ಲಿ ಬೆಂಡಿಲ್ಲ, ಬೆರಳಿಗೇ ಗೊತ್ತಾಗಬೇಕು. ಎಳೆದೆ. ಬಂತು. ಹದಿನಾರು ಇಂಚು, ಹಳದಿ ಮಿಂಚುವ ಹಸಿರುಗಪ್ಪು ಮೈ, ಬಾಲದ ತುದಿಯಲ್ಲಿ ಬಿಳಿ ಮಚ್ಚೆ, ಹಾಲುಗಾಜಿನಂಥ ಕಣ್ಣು. ಗಂಡು. ಎತ್ತಿದಾಗ ದೋಣಿಯ ತುಂಬ ಹಾಲು ಚೆಲ್ಲಿತು. ಗಂಡುಗಳು ನದಿ ಬಾಯಲ್ಲೇ ಬಹಳ ದಿನ ಸುಳಿದಾಡುತ್ತವೆ. ಹೆಣ್ಣುಗಳು ಮೊಟ್ಟೆ ಹಾಕಿ ಕೆಲಸ ಮುಗಿಸಿ ಹೊರಟುಬಿಡುತ್ತವೆ ಅಂದರು ಅಜ್ಜ. ಅದರಲ್ಲಿ ಹೊಸದೇನೂ ಇಲ್ಲದವರ ಹಾಗೆ ಹೇಳಿದರು.

ಎರಡು ಗಂಟೆಯಲ್ಲಿ ಏಳು ಹಿಡಿದೆವು. ಆಮೇಲೆ ಮಗನ ಕೋಲು ಬಾಗಿತು. ಈ ಸಲ ಟಕ್ ಅಲ್ಲ, ಕಲ್ಲಿಗೆ ಸಿಕ್ಕಿಕೊಂಡ ಹಾಗೆ. ಕಲ್ಲು ನಿಧಾನವಾಗಿ ನಡೆಯತೊಡಗಿತು. ಅಜ್ಜ ಬಲೆಚೀಲ ಹಿಡಿದು ನಿಂತರು, ಒಂದು ಮಾತೂ ಆಡಲಿಲ್ಲ. ಐದು ನಿಮಿಷಕ್ಕೆ ಮೇಲೆ ಬಂತು. ಅಳತೆ ಪಟ್ಟಿಯ ಮೇಲೆ ಮಲಗಿಸಿದರೆ 22 ಇಂಚು. ದೊಡ್ಡ ಹೆಣ್ಣು. ಹೊಟ್ಟೆ ಜೋತುಬಿದ್ದಿತ್ತು, ಮೊಟ್ಟೆ ಆಗಲೇ ಇಟ್ಟಾಗಿತ್ತು.

ವರ್ಮಿಲಿಯನ್‌ನಲ್ಲಿ ವಾಲ್‌ಐ ಒಬ್ಬರಿಗೆ ನಾಲ್ಕು. 20ರಿಂದ 26 ಇಂಚಿನದು ಸಿಕ್ಕರೆ ಆ ಕ್ಷಣವೇ ಬಿಡಬೇಕು. ಒಂದು ದೊಡ್ಡ ಹೆಣ್ಣು ಒಂದು ಸಲಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡಬಹುದು. ಮಗನಿಗೆ ನಿಯಮ ಗೊತ್ತಿತ್ತು, ಆದರೂ ನನ್ನ ಕಡೆ ತಿರುಗಿ, "ಅಮ್ಮ, ಯಾರೂ ನೋಡ್ತಿಲ್ಲ" ಅಂದ. ತಮಾಷೆಗೆ ಅರ್ಧ, ನಿಜಕ್ಕೆ ಅರ್ಧ. ನನ್ನ ಕಣ್ಣ ಮುಂದೆ ಅಮ್ಮನ ಬಾಣಲೆ ಬಂತು ಅಂದರೆ ಸುಳ್ಳಲ್ಲ. "ಬಿಡೋ" ಅಂದೆ. ಎರಡು ಕೈಯಲ್ಲಿ ನೀರೊಳಗೆ ಹಿಡಿದ. ಮೀನು ಒಂದೆರಡು ಸಲ ಕಿವಿರು ಆಡಿಸಿ, ಬಾಲ ಹೊಡೆದು, ಅವನ ಮುಖಕ್ಕೆಲ್ಲ ನೀರು ಎರಚಿ ಹೋಯಿತು.

ಆರು ಮೀನು ಇಟ್ಟುಕೊಂಡೆವು. ಅಜ್ಜ ಚಾಕು ಆಡಿಸಿದ್ದೇ ಕಂಡಿತು, ಮುಳ್ಳಿಲ್ಲದ ಬಿಳಿ ಹೋಳು ಎದ್ದು ಬಂದವು. ಅವರ ಪದ್ಧತಿ ಮೈದಾದಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುವುದು. ನಾನು ಮನೆಯಿಂದ ಖಾರದ ಪುಡಿ, ಅರಿಶಿನ, ಹುಣಸೆ ರಸ, ಸಣ್ಣ ರವೆ ತಂದಿದ್ದೆ. ಅರ್ಧ ಅವರ ಥರ, ಅರ್ಧ ನಮ್ಮ ಥರ. ಅಜ್ಜ ನಮ್ಮದನ್ನು ತಿಂದು ಮೂಗು ಒರೆಸಿಕೊಂಡು ಇನ್ನೆರಡು ಹೋಳು ಹಾಕಿಸಿಕೊಂಡರು. ನಿಜ ಹೇಳಬೇಕೆಂದರೆ ವಾಲ್‌ಐ ಸಪ್ಪೆ ಮೀನು, ಮಸಾಲೆ ಹೊತ್ತುಕೊಳ್ಳುವುದರಲ್ಲಿ ಮಾತ್ರ ಜಾಣ. ಹೊಳೆಮೀನಿನ ಮುಳ್ಳು ಬಿಡಿಸಿ ತಿನ್ನುವ ಸುಖ ಇದರಲ್ಲಿ ಇಲ್ಲ. ಅಜ್ಜನ ಎದುರು ಹಾಗೆ ಹೇಳಲು ಧೈರ್ಯ ಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ದೋಣಿ ಮೇಲೆತ್ತಿದೆವು. ಉಳಿದ ಮರಿಮೀನನ್ನು ಕೆರೆಗೆ ಚೆಲ್ಲುವ ಹಾಗಿಲ್ಲ, ಅದೂ ಕಾನೂನು. ಮೀನನ್ನು ಚೀಲಕ್ಕೆ ಹಾಕಿ ಕಸದ ತೊಟ್ಟಿಗೆ, ಬಕೆಟ್ಟಿನ ನೀರು ದಡದ ಮಣ್ಣಿಗೆ. ಟ್ರೇಲರಿಗೆ ಸಿಕ್ಕಿಕೊಂಡಿದ್ದ ಪಾಚಿ, ಬೇರು ಕಿತ್ತೆವು. ಮಗ ದೋಣಿಯ ಹಿಂದೆ ಬಗ್ಗಿ ತಿರುಗಿಸಿದ. ನೀರು ಸಣ್ಣ ಧಾರೆಯಾಗಿ ಸುರಿದು ನಿಂತಿತು.

ಹೊರಡುವ ಮುಂಚೆ ಅಜ್ಜ ಟ್ರಕ್ಕಿನ ಕಿಟಕಿ ಇಳಿಸಿ ಕೂಗಿದರು. "ಬಿರಡೆ ಎಲ್ಲಿ?"

ಮಗ ಜಾಕೆಟ್ ಜೇಬಿನಿಂದ ತೆಗೆದು ಎತ್ತಿ ತೋರಿಸಿದ.